ಗೋಡೆ ಕಟ್ಟಿದ ಮೇಲೆ ಸಾಲ ಸಿಕ್ಕಿತು

ಡೆಟ್ರಾಯಿಟ್ ನಗರದ ಉತ್ತರ ಅಂಚಿನಲ್ಲಿ, ಏಟ್ ಮೈಲ್ ರಸ್ತೆಯ ಹತ್ತಿರ, ಮನೆಗಳ ಹಿತ್ತಿಲುಗಳ ನಡುವೆ ಒಂದು ಕಾಂಕ್ರೀಟ್ ಗೋಡೆ ಹಾದುಹೋಗುತ್ತದೆ. ಎತ್ತರ ಸುಮಾರು ಆರು ಅಡಿ, ಉದ್ದ ಅರ್ಧ ಮೈಲಿ. ಅದರ ಒಂದು ಭಾಗ ಆಟದ ಮೈದಾನದ ಪಕ್ಕ ಬರುತ್ತದೆ. 2006ರಲ್ಲಿ ಅಲ್ಲಿ ಚಿತ್ರ ಬರೆದಿದ್ದಾರೆ: ಬಣ್ಣಬಣ್ಣದ ಮನೆಗಳು, ಸೋಪಿನ ಗುಳ್ಳೆ ಊದುವ ಮಕ್ಕಳು, ಬಸ್ಸು ಹತ್ತುತ್ತಿರುವ ನಾಗರಿಕ ಹಕ್ಕುಗಳ ಹೋರಾಟಗಾರ್ತಿ ರೋಸಾ ಪಾರ್ಕ್ಸ್. ಕಥೆ ಗೊತ್ತಿಲ್ಲದವರಿಗೆ ಅದು ಯಾವುದೋ ಶಾಲೆಯ ಕಾಂಪೌಂಡು ಅನ್ನಿಸುತ್ತದೆ.

ಗೋಡೆ ಎದ್ದದ್ದು 1941ರಲ್ಲಿ. ಒಬ್ಬ ಬಿಲ್ಡರ್ ಅಲ್ಲಿ ಬಿಳಿಯರಿಗಾಗಿ ಲೇಔಟ್ ಮಾಡಲು ಹೊರಟಿದ್ದ. ಪಕ್ಕದಲ್ಲೇ ಕಪ್ಪು ಜನ ಎಷ್ಟೋ ವರ್ಷದಿಂದ ಸೈಟು ಕೊಂಡು, ಕೈಯಲ್ಲಾದಷ್ಟು ಮನೆ ಕಟ್ಟಿಕೊಂಡು ಇದ್ದರು. ಅವರು ಅಷ್ಟು ಹತ್ತಿರ ಇದ್ದಾರೆ ಅನ್ನುವ ಕಾರಣಕ್ಕೆ ಕೇಂದ್ರ ಸರ್ಕಾರದ ವಸತಿ ಸಂಸ್ಥೆ ಈ ಲೇಔಟಿನ ಗೃಹಸಾಲಗಳಿಗೆ ಗ್ಯಾರಂಟಿ ಕೊಡಲು ಹಿಂದೇಟು ಹಾಕಿತು. ಬಿಲ್ಡರ್ ಎರಡರ ನಡುವೆ ಗೋಡೆ ಎಬ್ಬಿಸಿದ. ಗ್ಯಾರಂಟಿ ಸಿಕ್ಕಿತು.

"ಗುಲಾಮಗಿರಿ ಮುಗಿದು 150 ವರ್ಷ ದಾಟಿತು. ಒಬಾಮಾ ಎರಡು ಸಲ ಗೆದ್ದರು. ಇನ್ನೂ ಯಾಕೆ ಅದೇ ಹಳೆ ಮಾತು?" ಈ ಪ್ರಶ್ನೆ ಅಮೆರಿಕದಲ್ಲಿ ಮಾತ್ರ ಅಲ್ಲ, ನಮ್ಮವರ ಮಾತುಕತೆಯಲ್ಲೂ ಆಗಾಗ ಬರುತ್ತದೆ. ನನಗೆ ಆಗೆಲ್ಲ ನೆನಪಾಗುವುದು ಈ ಗೋಡೆ. ಅದಕ್ಕೂ ಗುಲಾಮಗಿರಿಗೂ ನೇರ ಸಂಬಂಧ ಇಲ್ಲ. ಅದು ಒಂದು ಸಾಲದ ಅರ್ಜಿಗೆ ಸಂಬಂಧಿಸಿದ್ದು. ಅದರ ನೆರಳಲ್ಲಿ ಬೆಳೆದವರು ಇವತ್ತೂ ಬದುಕಿದ್ದಾರೆ.

ಮೊದಲು ಇವತ್ತಿನ ಲೆಕ್ಕ ನೋಡೋಣ. ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ 2022ರಲ್ಲಿ ಮಾಡಿದ ಸಮೀಕ್ಷೆಯ ಪ್ರಕಾರ, ಬಿಳಿ ಕುಟುಂಬಗಳನ್ನು ಬಡವರಿಂದ ಶ್ರೀಮಂತರವರೆಗೆ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ನಿಲ್ಲುವ ಕುಟುಂಬದ ಆಸ್ತಿ, ಸಾಲ ಕಳೆದು, 2,85,000 ಡಾಲರ್. ಕಪ್ಪು ಕುಟುಂಬಗಳ ಸಾಲಿನಲ್ಲಿ ನಡುವೆ ನಿಲ್ಲುವ ಕುಟುಂಬದ್ದು 44,900 ಡಾಲರ್. ಆರು ಪಟ್ಟಿಗಿಂತ ಜಾಸ್ತಿ ಅಂತರ. ಸಂಬಳದಲ್ಲೂ ವ್ಯತ್ಯಾಸ ಇದೆ, ಆದರೆ ಇಷ್ಟಿಲ್ಲ. ಸಂಬಳ ಆ ತಿಂಗಳಿಗೆ ಬಂದು ಹೋಗುತ್ತದೆ. ಆಸ್ತಿ ಅಪ್ಪನಿಂದ ಮಗಳಿಗೆ ಬರುತ್ತದೆ. ಮಗಳ ಕಾಲೇಜು ಫೀಸು, ಕೆಲಸ ಹೋದಾಗ ಆರು ತಿಂಗಳ ಖರ್ಚು, ಅಂಗಡಿ ಇಡಲು ಬಂಡವಾಳ, ಎಲ್ಲ ಅದರಿಂದಲೇ ಹುಟ್ಟಬೇಕು. ಮಧ್ಯಮ ವರ್ಗದ ಅಮೆರಿಕನ್ನರಿಗೆ ಆಸ್ತಿ ಅಂದರೆ ಮುಖ್ಯವಾಗಿ ಮನೆ. ಹಾಗಾಗಿ ಮನೆ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅನ್ನುವುದು ತುಂಬ ದೊಡ್ಡ ವಿಷಯ.

1930ಕ್ಕೆ ಮುಂಚೆ ಅಮೆರಿಕದಲ್ಲಿ ಸಾಲ ಮಾಡಿ ಮನೆ ಕೊಳ್ಳುವುದು ಬಿಳಿಯರಿಗೂ ಸುಲಭ ಇರಲಿಲ್ಲ. ಎಷ್ಟೋ ಸಲ ಅರ್ಧ ಹಣ ಮುಂಗಡ ಕೊಡಬೇಕಿತ್ತು. ಐದು ವರ್ಷ ಬಡ್ಡಿ ಕಟ್ಟಿ, ಕೊನೆಗೆ ಅಸಲನ್ನು ಒಟ್ಟಿಗೆ ತೀರಿಸಬೇಕು, ಇಲ್ಲವೇ ಮತ್ತೆ ಹೊಸ ಸಾಲಕ್ಕೆ ಅಲೆಯಬೇಕು. ಮಹಾ ಆರ್ಥಿಕ ಕುಸಿತ ಬಂದಾಗ ಹೊಸ ಸಾಲ ಹುಟ್ಟಲಿಲ್ಲ, ಜನ ಮನೆ ಕಳೆದುಕೊಂಡರು. 1933ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಶುರು ಮಾಡಿದರು. ಅದು ಮುಳುಗುತ್ತಿದ್ದ ಸಾಲಗಳನ್ನು ತಾನೇ ಕೊಂಡು, ಅಸಲು ಬಡ್ಡಿ ಎರಡನ್ನೂ ಸೇರಿಸಿ ತಿಂಗಳ ಕಂತು ಮಾಡಿಕೊಟ್ಟಿತು. ಮರುವರ್ಷ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್, ಅಂದರೆ ಎಫ್‌ಎಚ್‌ಎ ಬಂತು. ಗೋಡೆಯ ಕಥೆಯ ವಸತಿ ಸಂಸ್ಥೆ ಇದೇ. ಅದು ಸಾಲ ಕೊಡುವುದಿಲ್ಲ, ಬ್ಯಾಂಕು ಕೊಟ್ಟ ಸಾಲಕ್ಕೆ ವಿಮೆ ಕೊಡುತ್ತದೆ. ಸಾಲಗಾರ ಕೈಕೊಟ್ಟರೂ ಬ್ಯಾಂಕಿಗೆ ನಷ್ಟ ಇಲ್ಲ. ಆ ಧೈರ್ಯದಿಂದ ಬ್ಯಾಂಕುಗಳು ಕಡಿಮೆ ಮುಂಗಡಕ್ಕೆ, ದೀರ್ಘ ಅವಧಿಗೆ ಸಾಲ ಕೊಡತೊಡಗಿದವು. ಅಮೆರಿಕದ ಮಧ್ಯಮ ವರ್ಗ ಹುಟ್ಟಿದ್ದು ಈ ಕಂತಿನ ಮೇಲೆ ಅಂದರೆ ತಪ್ಪಲ್ಲ.

ಸರಿ, ಈ ಸಾಲ ಯಾವ ಬೀದಿಗೆ ಕೊಡಬಹುದು, ಯಾವ ಬೀದಿಗೆ ಬೇಡ?

ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಮಾಡಿಸಿತು. ಅತ್ಯುತ್ತಮ ಬಡಾವಣೆಗೆ ಹಸಿರು, ನಂತರದ್ದಕ್ಕೆ ನೀಲಿ, ಇಳಿಯುತ್ತಿರುವುದಕ್ಕೆ ಹಳದಿ, ಅಪಾಯದ್ದಕ್ಕೆ ಕೆಂಪು. ಆ ನಕ್ಷೆಗಳು ಈಗ ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ನೋಡುವಾಗ ಬಣ್ಣಕ್ಕಿಂತ ಜಾಸ್ತಿ ಕಾಡುವುದು ಅದರ ಜೊತೆಗಿರುವ ಟೈಪ್ ಮಾಡಿದ ಫಾರಂ. ಪ್ರತಿ ಬಡಾವಣೆಗೂ ಒಂದೊಂದು. ಜಾಗದ ಏರುತಗ್ಗು, ಮನೆಗಳ ವಯಸ್ಸು, ಬಾಡಿಗೆ, ಇವೆಲ್ಲ ಇವೆ. ನಡುವೆ 'ನಿವಾಸಿಗಳು' ಅನ್ನುವ ಕಲಂ. ಅದರಲ್ಲಿ ಹೊರದೇಶದಲ್ಲಿ ಹುಟ್ಟಿದವರು ಶೇಕಡಾ ಎಷ್ಟು ಎಂಬ ಸಾಲು. ನಂತರ ನೀಗ್ರೋಗಳು ಇದ್ದಾರೆಯೇ, ಹೌದು ಅಥವಾ ಇಲ್ಲ. ಅದರ ಕೆಳಗೆ 'ಯಾರ ನುಸುಳುವಿಕೆ' ಅಂತ ಒಂದು ಖಾಲಿ ಜಾಗ. ಮನುಷ್ಯರು ಮನೆ ಮಾಡಿಕೊಂಡು ಬದುಕುವುದಕ್ಕೆ ಸರ್ಕಾರಿ ಕಾಗದದಲ್ಲಿ ಬಳಸಿದ ಮಾತು ನುಸುಳುವಿಕೆ. ಗೆದ್ದಲು, ನೀರಿನ ಪಸೆ ಇವುಗಳ ಬಗ್ಗೆ ಬರೆದ ಹಾಗೆ.

ಒಂದು ವಿಷಯ ಇಲ್ಲಿ ಹೇಳಲೇಬೇಕು. ಈ ಬಣ್ಣದ ನಕ್ಷೆಗಳೇ ಎಲ್ಲಕ್ಕೂ ಕಾರಣ ಅಂತ ಬಹಳ ಕಡೆ ಬರೆಯುತ್ತಾರೆ. ಇತ್ತೀಚಿನ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಕಾರ್ಪೊರೇಷನ್ ತನ್ನ ಸಾಲಗಳಲ್ಲಿ ಹೆಚ್ಚಿನವನ್ನು ನಕ್ಷೆ ಮಾಡುವ ಮೊದಲೇ ಕೊಟ್ಟಾಗಿತ್ತು, ಕಪ್ಪು ಕುಟುಂಬಗಳಿಗೂ ಕೊಟ್ಟಿತ್ತು. ನಿಜವಾದ ಏಟು ಬಿದ್ದದ್ದು ಎಫ್‌ಎಚ್‌ಎ ಕೈಯಿಂದ. ಅದಕ್ಕೆ ತನ್ನದೇ ನಕ್ಷೆಗಳಿದ್ದವು, ತನ್ನದೇ ಕೈಪಿಡಿ ಇತ್ತು. ಬೇರೆ ಬೇರೆ ಜನಾಂಗದವರು ಅಕ್ಕಪಕ್ಕ ಬಂದರೆ ಮನೆಯ ಬೆಲೆ ಬೀಳುತ್ತದೆ ಅಂತ ಆ ಕೈಪಿಡಿ ಹೇಳುತ್ತಿತ್ತು. ಹಾಗಾಗದಂತೆ ಕ್ರಯಪತ್ರದಲ್ಲೇ ಷರತ್ತು ಹಾಕಿ ಎಂದೂ ಸಲಹೆ ಕೊಡುತ್ತಿತ್ತು.

ಕ್ರಯಪತ್ರದ ಷರತ್ತು ಅಂದರೆ, ಈ ಸ್ವತ್ತನ್ನು ಬಿಳಿಯರಲ್ಲದವರಿಗೆ ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ ಎಂಬ ಬರಹ. ಇಂಥ ಎಷ್ಟೋ ಪತ್ರಗಳಲ್ಲಿ ಕೊನೆಗೆ ಒಂದು ವಿನಾಯಿತಿ ಇರುತ್ತಿತ್ತು: ಮನೆಯಲ್ಲೇ ಉಳಿದು ಕೆಲಸ ಮಾಡುವ ಆಳುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಪಾತ್ರೆ ತೊಳೆಯಲು, ಮಗು ನೋಡಿಕೊಳ್ಳಲು ಬರಬಹುದು, ನೆರೆಯವರಾಗಿ ಬರುವಂತಿಲ್ಲ. ಊರು ಬೇರೆ, ಕೇರಿ ಬೇರೆ ಎಂಬುದನ್ನು ಕಂಡು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಾತಿ ಮತ್ತು ಜನಾಂಗ ಒಂದೇ ಅಲ್ಲ, ನಿಜ. ಆದರೂ 1946ರಲ್ಲಿ ಅಂಬೇಡ್ಕರ್ ಅವರು ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದಾಗ ಕಂಡದ್ದು ಇದೇ ಹೋಲಿಕೆಯನ್ನು.

ಇಂಥ ಷರತ್ತುಗಳನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಅಷ್ಟರಲ್ಲಿ ಎರಡನೇ ಮಹಾಯುದ್ಧ ಮುಗಿದಿತ್ತು. ಸೈನಿಕರಿಗೆ ಮನೆ ಸಾಲ, ಕಾಲೇಜು ಫೀಸು ಕೊಡುವ ಜಿಐ ಬಿಲ್ 1944ರಲ್ಲೇ ಬಂದಿತ್ತು. ಕಾನೂನಿನಲ್ಲಿ ಬಣ್ಣದ ಮಾತಿಲ್ಲ. ಆದರೆ ಸಾಲ ಕೊಡಬೇಕಾದದ್ದು ಊರಿನ ಬ್ಯಾಂಕು. 1947ರಲ್ಲಿ ಮಿಸಿಸಿಪಿ ರಾಜ್ಯದ 13 ಊರುಗಳ ಲೆಕ್ಕ ತೆಗೆದಾಗ, ಸೈನಿಕರ ಹೆಸರಲ್ಲಿ ಗ್ಯಾರಂಟಿ ಸಿಕ್ಕ 3,229 ಸಾಲಗಳಲ್ಲಿ ಕಪ್ಪು ಸೈನಿಕರಿಗೆ ಸಿಕ್ಕಿದ್ದು ಎರಡು. ಎರಡು ಶೇಕಡಾ ಅಲ್ಲ, ಎರಡೇ ಸಾಲ. ಯುದ್ಧಕ್ಕೆ ಹೋಗಿ ಬಂದವರು ಅವರು.

ಅದೇ 1947ರಲ್ಲಿ ನ್ಯೂಯಾರ್ಕ್ ಹೊರವಲಯದ ಆಲೂಗಡ್ಡೆ ಹೊಲಗಳಲ್ಲಿ ಲೆವಿಟೌನ್ ಎದ್ದಿತು. ಒಂದೇ ಅಚ್ಚಿನ 17,000ಕ್ಕೂ ಹೆಚ್ಚು ಮನೆಗಳು. 1949ರಲ್ಲಿ ಒಂದರ ಬೆಲೆ 7,990 ಡಾಲರ್. ಸೈನಿಕರಾಗಿದ್ದರೆ ಮುಂಗಡವೂ ಬೇಡ. ಸಾಮಾನ್ಯ ಕೂಲಿ ಕೆಲಸದವನೂ ಕೊಳ್ಳಬಹುದಿತ್ತು, ಬಿಳಿಯನಾಗಿದ್ದರೆ. 1960ರಲ್ಲಿ ಅಲ್ಲಿ ಹತ್ತಾರು ಸಾವಿರ ಜನ ಇದ್ದರು. ಕಪ್ಪು ಜನ ಇಲ್ಲವೆನ್ನುವಷ್ಟು ಕಡಿಮೆ. ಇವತ್ತು ಅಲ್ಲಿ ಒಂದು ಮನೆಗೆ ಐದು ಲಕ್ಷ ಡಾಲರ್‌ಗಿಂತ ಜಾಸ್ತಿ ಬೆಲೆ ಇದೆ. ಅಜ್ಜ ಕೊಂಡ ಮನೆಯ ಮೇಲೆ ಸಾಲ ತೆಗೆದು ಮಕ್ಕಳನ್ನು ಓದಿಸಿದ, ಮಕ್ಕಳು ಅದನ್ನು ಮಾರಿ ಮೊಮ್ಮಕ್ಕಳ ಮನೆಗೆ ಮುಂಗಡ ಕೊಟ್ಟರು. ಆ ಮೊಮ್ಮಕ್ಕಳು ಯಾರ ಮೇಲೂ ದ್ವೇಷ ಇಟ್ಟುಕೊಂಡಿಲ್ಲದೆ ಇರಬಹುದು. ಅವರ ಕೈಗೆ ಬಂದ ಹಣ ಮಾತ್ರ ಎಲ್ಲಿಂದ ಬಂತು ಅನ್ನುವುದಕ್ಕೆ ದಾಖಲೆ ಇದೆ.

ಹಾಗಾದರೆ ಕಪ್ಪು ಕುಟುಂಬಗಳು ಮನೆಯನ್ನೇ ಕೊಳ್ಳಲಿಲ್ಲವೇ? ಕೊಂಡವು. ಹೇಗೆ ಅನ್ನುವುದಕ್ಕೆ ಶಿಕಾಗೋದ ನಾರ್ತ್ ಲಾನ್‌ಡೇಲ್ ನೋಡಬೇಕು. 1950ರ ದಶಕದಲ್ಲಿ ದಲ್ಲಾಳಿಗಳು ಬಿಳಿಯರ ಬೀದಿಗೆ ಹೋಗಿ, "ಕಪ್ಪು ಜನ ಬರ್ತಿದ್ದಾರೆ, ಬೆಲೆ ಬೀಳುವ ಮುಂಚೆ ಮಾರಿಬಿಡಿ" ಎಂದು ಹೆದರಿಸುತ್ತಿದ್ದರು. ಅಗ್ಗಕ್ಕೆ ಕೊಂಡ ಅದೇ ಮನೆಯನ್ನು ಸ್ವಲ್ಪ ದಿನದಲ್ಲೇ ಎರಡು ಪಟ್ಟು ಬೆಲೆಗೆ ಕಪ್ಪು ಕುಟುಂಬಕ್ಕೆ ಕೊಡುತ್ತಿದ್ದರು. ಬ್ಯಾಂಕು ಸಾಲ ಕೊಡದ ಕಾರಣ ಇದೂ ಕಂತೇ, ಆದರೆ ಬೇರೆ ಥರದ ಕಂತು. ಕೊನೆಯ ಕಂತು ಕಟ್ಟುವವರೆಗೂ ಕ್ರಯಪತ್ರ ಮಾರಿದವನ ಹತ್ತಿರವೇ ಇರುತ್ತದೆ. ತೆರಿಗೆ, ರಿಪೇರಿ ಕೊಂಡವನ ಮೇಲೆ. ಒಂದೇ ಒಂದು ಕಂತು ತಪ್ಪಿದರೆ ಸಾಕು, ಮನೆಯೂ ಹೋಯಿತು, ಅಲ್ಲಿಯವರೆಗೆ ಕಟ್ಟಿದ್ದೂ ಹೋಯಿತು. ಅದೇ ಮನೆಯನ್ನು ಮುಂದಿನ ತಿಂಗಳು ಇನ್ನೊಂದು ಕುಟುಂಬಕ್ಕೆ ಅದೇ ಕರಾರಿನ ಮೇಲೆ ಕೊಡಬಹುದು. ಬೆಂಗಳೂರಿನಲ್ಲಿ ಬಿ ಖಾತಾ ಸೈಟಿಗೆ ಬ್ಯಾಂಕ್ ಸಾಲ ಹುಟ್ಟದೆ ಬಡ್ಡಿಯವರ ಬಾಗಿಲಿಗೆ ಹೋದವರಿಗೆ ಈ ಸಂಕಟ ಅರ್ಥ ಆಗುತ್ತದೆ. ವ್ಯತ್ಯಾಸ ಏನೆಂದರೆ, ಅಲ್ಲಿ ಕಾಗದ ಸರಿ ಇತ್ತು.

ಕಂತು ತಪ್ಪಬಾರದೆಂದು ಗಂಡ ಹೆಂಡತಿ ಇಬ್ಬರೂ ಎರಡೆರಡು ಕೆಲಸ ಮಾಡಿದರು. ರೂಮುಗಳನ್ನು ಬಾಡಿಗೆಗೆ ಕೊಟ್ಟರು. ರಿಪೇರಿ ಮುಂದೆ ಹಾಕಿದರು. ಮನೆಗಳು ಹಾಳಾದವು. ಆಮೇಲೆ ಜನ, "ನೋಡಿ, ಇವರು ಬಂದರೆ ಬೀದಿ ಹಾಳಾಗುತ್ತೆ" ಅಂದರು. 1968ರಲ್ಲಿ ಈ ಕೊಳ್ಳುಗರು ಒಟ್ಟಾಗಿ ಕಾಂಟ್ರಾಕ್ಟ್ ಬೈಯರ್ಸ್ ಲೀಗ್ ಕಟ್ಟಿದರು, ಕಂತು ಕಟ್ಟುವುದನ್ನೇ ನಿಲ್ಲಿಸಿದರು. ಎಷ್ಟೋ ಕುಟುಂಬಗಳು ಕರಾರು ತಿದ್ದಿಸಿಕೊಂಡವು, ಕೆಲವರ ಸಾಮಾನು ಬೀದಿಗೆ ಬಿತ್ತು. ಕೋರ್ಟಿನಲ್ಲಿ ಸೋತರು.

ಮಾರ್ಟಿನ್ ಲೂಥರ್ ಕಿಂಗ್ 1966ರ ಜನವರಿಯಲ್ಲಿ ಬಂದು ಬಾಡಿಗೆಗೆ ಇಳಿದದ್ದು ಇದೇ ನಾರ್ತ್ ಲಾನ್‌ಡೇಲ್‌ನಲ್ಲಿ. ಆಗಸ್ಟ್‌ನಲ್ಲಿ ಶಿಕಾಗೋದ ಬಿಳಿಯರ ಬಡಾವಣೆಯಲ್ಲಿ ಮೆರವಣಿಗೆ ಹೋದಾಗ ಅವರ ತಲೆಗೆ ಕಲ್ಲು ಬಿತ್ತು. ಮಿಸಿಸಿಪಿ, ಅಲಬಾಮಾಗಳಲ್ಲೂ ಇಂಥ ದ್ವೇಷ ಕಂಡಿರಲಿಲ್ಲ ಅಂದರು ಅವರು. ವಸತಿಯಲ್ಲಿ ಭೇದ ಮಾಡಬಾರದು ಎಂಬ ಮಸೂದೆ ಆ ವರ್ಷ ಬಿದ್ದುಹೋಯಿತು. 1968ರ ಏಪ್ರಿಲ್ 4ರಂದು ಕಿಂಗ್ ಕೊಲೆಯಾಯಿತು, ನಗರಗಳು ಹೊತ್ತಿ ಉರಿದವು. ಏಪ್ರಿಲ್ 11ರಂದು ವಸತಿಯಲ್ಲಿ ಭೇದ ತಡೆಯುವ ಫೇರ್ ಹೌಸಿಂಗ್ ಆಕ್ಟ್‌ಗೆ ಸಹಿ ಬಿತ್ತು. ಅದನ್ನು ಗಟ್ಟಿಯಾಗಿ ಜಾರಿ ಮಾಡುವ ಅಧಿಕಾರವೇ ಅದರಲ್ಲಿರಲಿಲ್ಲ. ಅದು ಬರಲು ಇನ್ನೂ 20 ವರ್ಷ ಬೇಕಾಯಿತು. ನಡುವೆ ರಿಪಬ್ಲಿಕನ್ ಪಕ್ಷದವರೇ ಆದ ವಸತಿ ಸಚಿವ ಜಾರ್ಜ್ ರಾಮ್ನಿ ಉಪನಗರಗಳ ಬಾಗಿಲು ತೆರೆಸಲು ಪ್ರಯತ್ನಪಟ್ಟರು. ಅಧ್ಯಕ್ಷ ನಿಕ್ಸನ್ ತಡೆದರು.

ಆಮೇಲೆ ಬಂದದ್ದು ಸಾಲ ನಿರಾಕರಿಸುವ ಕಾಲ ಅಲ್ಲ, ಕೆಟ್ಟ ಸಾಲ ತಲೆಗೆ ಕಟ್ಟುವ ಕಾಲ. 2008ಕ್ಕೆ ಮುಂಚಿನ ಗೃಹಸಾಲದ ಭರಾಟೆಯಲ್ಲಿ, ಬಿಳಿಯರಷ್ಟೇ ಅರ್ಹತೆ ಇದ್ದ ಕಪ್ಪು ಮತ್ತು ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಗ್ರಾಹಕರಿಗೆ ದುಬಾರಿ ಬಡ್ಡಿಯ ಸಾಲ ಅಂಟಿಸಿದ ಆರೋಪ ಬಂತು. ಗೃಹಸಾಲ ಕಂಪನಿ ಕಂಟ್ರಿವೈಡ್ ವಿರುದ್ಧದ ಮೊಕದ್ದಮೆ 2011ರಲ್ಲಿ 33.5 ಕೋಟಿ ಡಾಲರ್‌ಗೆ, ವೆಲ್ಸ್ ಫಾರ್ಗೋ ಬ್ಯಾಂಕಿನ ವಿರುದ್ಧದ್ದು 2012ರಲ್ಲಿ 17.5 ಕೋಟಿ ಡಾಲರ್‌ಗೆ ರಾಜಿಯಾಯಿತು. ಮನೆ ಕಳೆದುಕೊಂಡವರಿಗೆ ಮನೆ ವಾಪಸ್ ಬರಲಿಲ್ಲ. 1960ರಲ್ಲಿ ನೂರು ಬಿಳಿ ಕುಟುಂಬಗಳಲ್ಲಿ ಸ್ವಂತ ಮನೆ ಇದ್ದವರಿಗೂ ನೂರು ಕಪ್ಪು ಕುಟುಂಬಗಳಲ್ಲಿ ಇದ್ದವರಿಗೂ ಸುಮಾರು 27ರ ಅಂತರ ಇತ್ತು. ಇವತ್ತೂ ಅದು ಕಡಿಮೆಯಾಗಿಲ್ಲ.

ಆ ನಕ್ಷೆಯ ಬಿಸಿ ನಿಜಕ್ಕೂ ಮೈಗೆ ತಟ್ಟುತ್ತದೆ. 108 ನಗರಗಳನ್ನು ಅಳೆದು 2020ರಲ್ಲಿ ಪ್ರಕಟವಾದ ಅಧ್ಯಯನ ಒಂದರ ಪ್ರಕಾರ, ಹಿಂದೆ ಕೆಂಪು ಬಳಿದ ಬಡಾವಣೆಗಳು ಬೇಸಿಗೆಯಲ್ಲಿ ಉಳಿದ ಕಡೆಗಿಂತ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾಯುತ್ತವೆ. ಮರ ಕಡಿಮೆ, ಕಾಂಕ್ರೀಟ್ ಜಾಸ್ತಿ.

ನನ್ನಂಥ ಲಿಬರಲ್ ವಿಚಾರದವರು ನೇರವಾಗಿ ಒಪ್ಪಿಕೊಳ್ಳಬೇಕಾದ ಮಾತೂ ಇದೆ. ಆ ಗ್ಯಾರಂಟಿಗಳನ್ನು ಹಂಚಿದ್ದು ನಾವು ಮೆಚ್ಚುವ ರೂಸ್‌ವೆಲ್ಟ್ ಸರ್ಕಾರ. ಒಂದು ಸೈಟಿನಲ್ಲಿ ಒಂದೇ ಕುಟುಂಬದ ಮನೆ, ಅಪಾರ್ಟ್‌ಮೆಂಟ್ ಬೇಡವೇ ಬೇಡ ಎಂಬ ನಿಯಮವನ್ನು ಮೊದಲು ತಂದ ಊರುಗಳಲ್ಲಿ ಒಂದು ಕ್ಯಾಲಿಫೋರ್ನಿಯಾದ ಬರ್ಕ್ಲಿ, 1916ರಲ್ಲಿ. ಕಾನೂನಲ್ಲಿ ಬಣ್ಣದ ಹೆಸರಿಲ್ಲ, ಬಡವರು ಬರದಂತೆ ನೋಡಿಕೊಂಡರೆ ಸಾಕು. ಅಂಗಳದಲ್ಲಿ ಕಪ್ಪು ಜನರ ಪರ ಬೋರ್ಡು ನೆಟ್ಟು, ಸಂಜೆ ಊರ ಸಭೆಯಲ್ಲಿ ಅಪಾರ್ಟ್‌ಮೆಂಟ್ ವಿರೋಧಿಸುವವರು ಡೆಮಾಕ್ರಟಿಕ್ ಪಕ್ಷದ ಊರುಗಳಲ್ಲೇ ಬೇಕಾದಷ್ಟಿದ್ದಾರೆ. ಇದು ನನಗೆ ತುಂಬ ನೋವಿನ ವಿಷಯ. ಮಿನಿಯಾಪೊಲಿಸ್ 2018ರಲ್ಲಿ ಆ ನಿಯಮ ತೆಗೆಯಲು ಮತ ಹಾಕಿತು. ಬರ್ಕ್ಲಿ 2021ರಲ್ಲಿ ತಪ್ಪು ಒಪ್ಪಿ ಅದೇ ದಾರಿ ಹಿಡಿಯಿತು.

ಅಮೆರಿಕದ ಕನ್ನಡಿಗರಿಗೂ ಇದು ದೂರದ ಕಥೆ ಅಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಭಾರತೀಯ ವಲಸಿಗರ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಪೌರತ್ವ ಇಲ್ಲ ಎಂದಿತ್ತು. ಎಷ್ಟೋ ಕ್ರಯಪತ್ರಗಳ ಷರತ್ತು ಏಷ್ಯಾದವರನ್ನೂ ಹೊರಗಿಟ್ಟಿತ್ತು. ನಮ್ಮವರಿಗೆ ಬಾಗಿಲು ತೆರೆದ 1965ರ ವಲಸೆ ಕಾನೂನು ಬಂದದ್ದು ನಾಗರಿಕ ಹಕ್ಕುಗಳ ಚಳವಳಿಯ ಬಿಸಿಯಲ್ಲಿ. ಇವತ್ತು ನಮ್ಮವರು ಮನೆ ಹುಡುಕುವಾಗ ಮೊದಲು ಕೇಳುವುದು "ಸ್ಕೂಲ್ ಡಿಸ್ಟ್ರಿಕ್ಟ್ ಹೇಗಿದೆ?" ಅಂತ ಅಲ್ವಾ. ಅಲ್ಲಿ ಸರ್ಕಾರಿ ಶಾಲೆಗೆ ದೊಡ್ಡ ಪಾಲು ಹಣ ಬರುವುದು ಆಯಾ ಊರಿನ ಮನೆ ತೆರಿಗೆಯಿಂದ. ಮನೆಗೆ ಬೆಲೆ ಇರುವ ಕಡೆ ಶಾಲೆ ಚೆನ್ನಾಗಿರುತ್ತದೆ, ಶಾಲೆ ಚೆನ್ನಾಗಿರುವ ಕಡೆ ಮನೆಗೆ ಬೆಲೆ ಏರುತ್ತದೆ. ಮಕ್ಕಳ ಓದು ನೋಡುವ ಅಪ್ಪ ಅಮ್ಮಂದಿರನ್ನು ನಾನು ದೂರುವುದಿಲ್ಲ. ಒಳ್ಳೆಯ ಶಾಲೆಗಳ ಆ ಪಟ್ಟಿ ಹೇಗೆ ತಯಾರಾಯಿತು ಅನ್ನುವುದು ಗೊತ್ತಿರಲಿ ಅಂತಷ್ಟೇ.

ಸರಿಪಡಿಸುವ ಕೆಲಸ ಒಂದು ಕಡೆ ಚಿಕ್ಕದಾಗಿ ಶುರುವಾಗಿದೆ. ಶಿಕಾಗೋ ಪಕ್ಕದ ಇವಾನ್‌ಸ್ಟನ್ ಊರು 2021ರಲ್ಲಿ ಒಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು. 1919ರಿಂದ 1969ರವರೆಗಿನ ಅವಧಿಯಲ್ಲಿ ಆ ಊರಲ್ಲಿದ್ದ ಕಪ್ಪು ನಿವಾಸಿಗಳಿಗೆ, ಅವರ ಮಕ್ಕಳು ಮೊಮ್ಮಕ್ಕಳಿಗೆ ಮನೆ ಕೊಳ್ಳಲು ಅಥವಾ ರಿಪೇರಿ ಮಾಡಿಸಲು 25,000 ಡಾಲರ್. ಮೊದಲಿಗೆ ಹಣ ಬಂದದ್ದು ಗಾಂಜಾ ಮಾರಾಟದ ತೆರಿಗೆಯಿಂದ. ಒಂದು ಕೋಟಿ ಡಾಲರ್ ಎತ್ತಿಡುವುದಾಗಿ ಊರು ಆಗ ಹೇಳಿತ್ತು. ಮೊದಲ ಸರದಿ ಆ ಕಾಲದಲ್ಲೇ ಅಲ್ಲಿ ಬದುಕಿದ್ದ ಹಿರಿಯರದ್ದು. ಅರ್ಹರು ನೂರಕ್ಕೂ ಹೆಚ್ಚು, ಆಗ ಇದ್ದ ದುಡ್ಡು 16 ಜನಕ್ಕೆ ಮಾತ್ರ. 2022ರ ಜನವರಿಯಲ್ಲಿ ನಂಬರ್ ಬರೆದ ಚೆಂಡುಗಳನ್ನು ಎತ್ತಿ ಆ 16 ಜನರನ್ನು ಆರಿಸಿದರು. ಉಳಿದವರು ಕಾದರು. ಕಾಯುತ್ತಲೇ ತೀರಿಕೊಂಡವರೂ ಇದ್ದಾರೆ.