ವೈರಸ್ ಸತ್ತರೆ ಸಾಲದು

"ಮೇಡಂ, ಪಿಸಿಆರ್ ಮೆಷಿನ್ ನಮ್ಮಲ್ಲೇ ಎರಡಿವೆ. ಸೋಮವಾರದಿಂದ ಟೆಸ್ಟ್ ಶುರು ಮಾಡಬಹುದಾ?"

2020ರ ಏಪ್ರಿಲ್‌ನಲ್ಲಿ ಸಂಶೋಧನಾ ಸಂಸ್ಥೆಗಳಿಂದ ಇಂಥ ಫೋನ್ ನನಗೆ ಎಷ್ಟು ಬಂದವೋ ಲೆಕ್ಕವಿಲ್ಲ. ಈಗಲೂ ಬರುತ್ತವೆ. ಆಗ ಕೊರೊನಾ, ಈಗ ಡೆಂಗಿ, ಮಂಗನ ಕಾಯಿಲೆ. ಪಿಸಿಆರ್ ಎಂದರೆ ವೈರಸ್‌ನ ಜೀನ್ ತುಣುಕನ್ನು ಡಿಎನ್‌ಎ ಆಗಿಸಿ, ಕೋಟಿಗಟ್ಟಲೆ ನಕಲು ಮಾಡಿ ಪತ್ತೆ ಹಚ್ಚುವ ವಿಧಾನ. ಸ್ಯಾಂಪಲ್‌ಗಳನ್ನು ಸಣ್ಣ ಗುಂಡಿಗಳಿರುವ ಪ್ಲೇಟಿಗೆ ಹಾಕಿ ಮೆಷಿನ್‌ನಲ್ಲಿ ಓಡಿಸುತ್ತೇವೆ, ಅದೇ ರನ್. ನಾನು ಮೆಷಿನ್ ಬಗ್ಗೆ ಕೇಳುವುದೇ ಇಲ್ಲ. "ರನ್ ಮುಗಿದ ಪ್ಲೇಟನ್ನು ಏನು ಮಾಡುತ್ತೀರಿ?" ಎಂದು ಕೇಳುತ್ತೇನೆ. ಆ ಕಡೆ ಮೌನ.

ಮೊದಲಿಗೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ (ಎನ್‌ಐವಿ) ಮತ್ತು ಕೆಲವೇ ಸರ್ಕಾರಿ ಲ್ಯಾಬ್‌ಗಳು ಕೊರೊನಾ ಟೆಸ್ಟ್ ಮಾಡುತ್ತಿದ್ದವು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಂಶೋಧನಾ ಸಂಸ್ಥೆಗಳಿಗೂ ಬಾಗಿಲು ತೆರೆಯಿತು. ಹೊಸ ಲ್ಯಾಬ್‌ಗಳಿಗೆ ದಾರಿ ತೋರಿಸಲು ನಿಮ್ಹಾನ್ಸ್‌ನಂಥ ಸಂಸ್ಥೆಗಳನ್ನು ನೇಮಿಸಿತು. ಪಿಎಚ್‌ಡಿ ಹುಡುಗ ಹುಡುಗಿಯರು ತಮ್ಮ ಕೆಲಸ ಬದಿಗಿಟ್ಟು ರಾತ್ರಿ ಪಾಳಿಗೆ ಬಂದರು. ಅವರನ್ನು ನೆನೆದರೆ ಇವತ್ತಿಗೂ ಮನಸ್ಸು ತುಂಬಿ ಬರುತ್ತದೆ. ಪಿಪೆಟ್ ಹಿಡಿಯುವುದನ್ನು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಆದರೆ ಒಂದು ವಿಷಯ ಮಾತ್ರ ಎಷ್ಟು ಹೇಳಿದರೂ ತಲೆಗೆ ಹೋಗುತ್ತಿರಲಿಲ್ಲ.

ಎಲ್ಲರೂ ಹೆದರುತ್ತಿದ್ದದ್ದು ಸ್ವಾಬ್‌ನಲ್ಲಿ ಬರುವ ವೈರಸ್‌ಗೆ. ಹೆದರಬೇಕು, ಸರಿ. ಅದಕ್ಕೆ ಬಯೋಸೇಫ್ಟಿ ಕ್ಯಾಬಿನೆಟ್ ಇದೆ, ಮಾಸ್ಕ್ ಇದೆ, ವೈರಸ್ಸನ್ನು ಒಡೆಯುವ ದ್ರಾವಣ, ಅಂದರೆ ಲೈಸಿಸ್ ಬಫರ್ ಇದೆ. ಆದರೆ ರಿಪೋರ್ಟನ್ನು ಹಾಳು ಮಾಡುವುದು ನಾವೇ ಮೆಷಿನ್‌ನಲ್ಲಿ ಬೆಳೆಸಿದ ಡಿಎನ್‌ಎ. ಒಂದು ಸುತ್ತಿನಲ್ಲಿ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಲೆಕ್ಕದ ಪ್ರಕಾರ 30 ಸುತ್ತಿನಲ್ಲಿ ಒಂದು ತುಣುಕು 107 ಕೋಟಿ ದಾಟುತ್ತದೆ. ನಾವು ಓಡಿಸುವುದು ಸಾಮಾನ್ಯವಾಗಿ 40 ಸುತ್ತು. ಆ ಪ್ಲೇಟನ್ನು ಒಮ್ಮೆ ತೆರೆದರೆ ಕಣ್ಣಿಗೆ ಕಾಣದ ಹನಿ ಗಾಳಿಗೆ ಸೇರುತ್ತದೆ. ನಾಳೆ ಆರೋಗ್ಯವಂತರ ಸ್ಯಾಂಪಲ್ಲೂ ಪಾಸಿಟಿವ್.

ಹೆಪ್ಪು ಹಾಕಿದ ಚಮಚವನ್ನು ಹಾಲಿನ ಪಾತ್ರೆಯ ಹತ್ತಿರ ಇಡಲು ನಮ್ಮ ಅಜ್ಜಿ ಬಿಡುತ್ತಿರಲಿಲ್ಲ. ಇಲ್ಲೂ ಅಷ್ಟೇ. ಒಂದು ವ್ಯತ್ಯಾಸ ಇದೆ. ಹೆಪ್ಪಿನ ಚಮಚವನ್ನು ಕುದಿಯುವ ನೀರಿಗೆ ಹಾಕಿದರೆ ಕೆಲಸ ಮುಗಿಯಿತು. ಡಿಎನ್‌ಎ ಹಾಗಲ್ಲ. ಸ್ಪಿರಿಟ್‌ನಿಂದ ಟೇಬಲ್ ಒರೆಸಿದರೆ ವೈರಸ್ ಸಾಯುತ್ತದೆ, ಡಿಎನ್‌ಎ ಅಲ್ಲೇ ಇರುತ್ತದೆ. ಅದಕ್ಕೆ ಜೀವವೇ ಇಲ್ಲ, ಸಾಯುವುದೇನು ಬಂತು? ಅದನ್ನು ಒಡೆದು ಹಾಕಬೇಕು. ಅದಕ್ಕೆ ಬ್ಲೀಚ್ ಬೇಕು.

ಒಂದು ಸಂಸ್ಥೆಯಲ್ಲಿ ಎರಡು ವಾರ ಎಲ್ಲ ಚೆನ್ನಾಗಿತ್ತು. ಮೂರನೇ ವಾರ ಎನ್‌ಟಿಸಿ ಪಾಸಿಟಿವ್ ಬರತೊಡಗಿತು. ಎನ್‌ಟಿಸಿ ಎಂದರೆ ಸ್ಯಾಂಪಲ್ ಬದಲು ಬರೀ ನೀರು ಹಾಕಿದ ಗುಂಡಿ. ಕಿಟ್ ಬದಲಾಯಿಸಿದರು, ಮೆಷಿನ್ ಬದಲಾಯಿಸಿದರು. ನಾನು ಹೋಗಿ ಇಡೀ ದಿನ ಸುಮ್ನೆ ಒಂದು ಮೂಲೆಯಲ್ಲಿ ನಿಂತು ನೋಡಿದೆ. ಸಂಜೆ ಅಟೆಂಡರ್ ಅಣ್ಣ ರನ್ ಮುಗಿದ ಪ್ಲೇಟ್‌ಗಳನ್ನೆಲ್ಲ ಬಿಸಿ ಹಬೆಯಿಂದ ರೋಗಾಣು ಕೊಲ್ಲುವ ಆಟೋಕ್ಲೇವ್‌ಗೆ ತುಂಬಿದರು. ಅವರ ತಪ್ಪಲ್ಲ. ಕಸವನ್ನೆಲ್ಲ ಆಟೋಕ್ಲೇವ್ ಮಾಡಬೇಕೆಂದು ಇಪ್ಪತ್ತು ವರ್ಷದಿಂದ ಹೇಳಿಸಿಕೊಂಡವರು ಅವರು. ಆದರೆ ಆ ಬಿಸಿಗೆ ಪ್ಲೇಟಿನ ಸೀಲ್ ಬಿಟ್ಟುಕೊಳ್ಳುತ್ತದೆ. ಒಳಗಿನ ಡಿಎನ್‌ಎ ಪೂರ್ತಿ ಹಾಳಾಗದೆ ಹಬೆಯ ಜೊತೆ ಹೊರಗೆ ಬರುತ್ತದೆ. ಆಟೋಕ್ಲೇವ್ ಇದ್ದದ್ದು ಪಿಸಿಆರ್‌ಗೆ ಬೇಕಾದ ರಾಸಾಯನಿಕಗಳ ಮಿಕ್ಸ್ ತಯಾರಿಸುವ ಕೋಣೆಯ ಪಕ್ಕದಲ್ಲೇ.

ರನ್ ಮುಗಿದ ಪ್ಲೇಟ್ ತೆರೆಯಬೇಡಿ, ಆಟೋಕ್ಲೇವ್ ಮಾಡಬೇಡಿ. ಎರಡು ಜಿಪ್ ಕವರ್‌ನಲ್ಲಿ ಹಾಕಿ, ಮುಚ್ಚಿದ ಹಾಗೇ ಸುಡಲು ಕಳಿಸಿ. ಮಿಕ್ಸ್ ತಯಾರಿಸುವ ಕೋಣೆ, ಆರ್‌ಎನ್‌ಎ ತೆಗೆಯುವ ಕೋಣೆ, ಮೆಷಿನ್ ಕೋಣೆ, ಈ ಕ್ರಮದಲ್ಲಿ ಮುಂದೆ ಹೋಗಬಹುದು, ಅದೇ ದಿನ ಹಿಂದೆ ಬರುವಂತಿಲ್ಲ. ಪಿಪೆಟ್, ಕೋಟು ಮಾತ್ರವಲ್ಲ, ಪೆನ್ನು ಮತ್ತು ರಿಜಿಸ್ಟರ್ ಕೂಡ ಬೇರೆ ಬೇರೆ. ಅದೇ ವೈರಸ್ ಜೀನನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿ ಇಟ್ಟುಕೊಂಡು ಸಂಶೋಧನೆ ಮಾಡುವ ಲ್ಯಾಬಾದರೆ, ಟೆಸ್ಟಿಂಗ್ ಬೇರೆ ಕಟ್ಟಡದಲ್ಲಿದ್ದರೆ ಒಳ್ಳೆಯದು. ನಿಮ್ಮ ಜಾಗ ನೋಡದೆ ಇದಕ್ಕಿಂತ ಜಾಸ್ತಿ ಹೇಳಲಾರೆ.

ಬ್ಲೀಚ್ ಎಂದ ಕೂಡಲೇ ಇನ್ನೊಂದು ಎಚ್ಚರಿಕೆ. ಲೈಸಿಸ್ ಬಫರ್‌ನಲ್ಲಿ ಗ್ವಾನಿಡಿನ್ ಎಂಬ ರಾಸಾಯನಿಕ ಇರುತ್ತದೆ. ಬ್ಲೀಚ್ ತಗುಲಿದರೆ ವಿಷಗಾಳಿ ಬರುತ್ತದೆ. ಆ ಬಫರ್‌ನ ಕಸಕ್ಕೆ ದಯವಿಟ್ಟು ಬ್ಲೀಚ್ ಸುರಿಯಬೇಡಿ.

"ದೊಡ್ಡ ಸಂಸ್ಥೆಗಳಲ್ಲಿ ಹೀಗೆಲ್ಲ ಆಗಲ್ಲ, ಅಲ್ವಾ ಮೇಡಂ?" ಎಂದು ಕೇಳುವವರಿದ್ದಾರೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2020ರ ಫೆಬ್ರುವರಿಯಲ್ಲಿ ಕಳಿಸಿದ ಕೊರೊನಾ ಟೆಸ್ಟ್ ಕಿಟ್‌ಗಳು ಹಲವು ರಾಜ್ಯಗಳ ಲ್ಯಾಬ್‌ಗಳಲ್ಲಿ ಕೈಕೊಟ್ಟವು. ಒಂದು ಭಾಗದ ವಿನ್ಯಾಸದಲ್ಲೇ ದೋಷವಿತ್ತು. ಇನ್ನೊಂದಕ್ಕೆ ಲ್ಯಾಬ್‌ನಲ್ಲಿ ತಯಾರಿಸಿದ ಕೃತಕ ಜೀನ್ ತುಣುಕು ಸೇರಿತ್ತು ಎಂದು ಸಿಡಿಸಿಯ ವಿಜ್ಞಾನಿಗಳೇ ಆಮೇಲೆ ಬರೆದರು.

ಸಂಶೋಧನೆಯಲ್ಲಿ ರಿಸಲ್ಟ್ ತಪ್ಪಿದರೆ ಮುಂದಿನ ವಾರ ಮತ್ತೆ ಮಾಡಬಹುದು. ಆದರೆ ಕೊರೊನಾ ಕಾಲದಲ್ಲಿ ಒಂದು ಸುಳ್ಳು ಪಾಸಿಟಿವ್ ಬಂದರೆ ಬೀದಿಗೇ ಬ್ಯಾರಿಕೇಡ್ ಬೀಳುತ್ತಿತ್ತು, ಸೋಂಕಿಲ್ಲದವರನ್ನು ಸೋಂಕಿತರ ವಾರ್ಡಿಗೆ ಸೇರಿಸುತ್ತಿದ್ದರು.

ಎನ್‌ಟಿಸಿ ಪಾಸಿಟಿವ್ ಬಂದಿದ್ದ ಆ ಸಂಸ್ಥೆಯಲ್ಲಿ ರಿಪೋರ್ಟ್ ನಿಲ್ಲಿಸಿದೆವು. ಸ್ಯಾಂಪಲ್‌ಗಳನ್ನು ಬೇರೆ ಲ್ಯಾಬಿಗೆ ಕಳಿಸಿದೆವು. ಹುಡುಗರು ಒಂಬತ್ತು ದಿನ ಗೋಡೆ, ಬಾಗಿಲ ಹಿಡಿ, ಎಸಿ ಫಿಲ್ಟರ್ ಎಲ್ಲವನ್ನೂ ತೊಳೆದರು. ತೆರೆದ ಬಾಟಲಿಗಳನ್ನೆಲ್ಲ ಎಸೆದರು. ಹತ್ತನೇ ರಾತ್ರಿ ಎರಡು ಗಂಟೆಗೆ ಒಬ್ಬ ಹುಡುಗಿ ಗ್ರಾಫಿನ ಫೋಟೋ ಕಳಿಸಿದಳು. 40 ಸುತ್ತು ಮುಗಿದಿತ್ತು, ಎನ್‌ಟಿಸಿ ಗೆರೆ ನೆಲ ಬಿಟ್ಟು ಎದ್ದಿರಲಿಲ್ಲ. ಕೆಳಗೆ ಬರೆದಿದ್ದಳು: "ಮೇಡಂ, ನೀರು ನೀರಾಗಿಯೇ ಇದೆ."