ವಿಷದ ಜಮೀನು ಊರಿನ ಹೆಸರಿಗೆ, ಶುದ್ಧೀಕರಣದ ಖರ್ಚು ಯಾರ ಲೆಕ್ಕಕ್ಕೆ?

ಕಾರ್ಖಾನೆ ಮುಚ್ಚುತ್ತದೆ. ಯಂತ್ರಗಳು ಗುಜರಿಗೆ ಹೋಗುತ್ತವೆ. ಕಂಪನಿ ದಿವಾಳಿಯಾಗುತ್ತದೆ, ಇಲ್ಲವೇ ಇನ್ನೊಂದು ಕಂಪನಿಯಲ್ಲಿ ವಿಲೀನವಾಗಿ ಹೇಳಹೆಸರಿಲ್ಲದಂತಾಗುತ್ತದೆ. ಆಸ್ತಿ ತೆರಿಗೆ ವರ್ಷಗಟ್ಟಲೆ ಬಾಕಿ ಬೀಳುತ್ತದೆ, ಹರಾಜಿಗಿಟ್ಟರೆ ಕೊಳ್ಳುವವರಿಲ್ಲ. ಕೊನೆಗೆ ಜಮೀನು ನಗರಾಡಳಿತದ ಹೆಸರಿಗೆ ಬರುತ್ತದೆ. ನೆಲದೊಳಗೆ ಇಳಿದಿರುವ ಟಾರು, ಸೀಸ, ದ್ರಾವಕಗಳೂ ಅದರ ಜೊತೆಗೇ ಬರುತ್ತವೆ. ಮಾಲಿನ್ಯದ ಕಾರಣಕ್ಕೆ ಪಾಳುಬಿದ್ದ ಇಂಥ ‘ಬ್ರೌನ್‌ಫೀಲ್ಡ್’ ಜಾಗಗಳು ಅಮೆರಿಕದಲ್ಲಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚಿವೆ ಎಂಬುದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು. ಇವೆಲ್ಲವೂ ನಗರಗಳ ಸ್ವತ್ತಲ್ಲ. ಆದರೆ ಯಾರಿಗೂ ಬೇಡವಾದ ಜಾಗ ಕಟ್ಟಕಡೆಗೆ ಸೇರುವುದು ಅಲ್ಲಿಗೇ. ಇವನ್ನು ಶುದ್ಧಗೊಳಿಸುವ ಹಣದ ಮಾತು ಬಂದಾಗಲೆಲ್ಲ ಸೂಪರ್‌ಫಂಡ್ ಎಂಬ ರಾಷ್ಟ್ರೀಯ ಶುದ್ಧೀಕರಣ ನಿಧಿ, ಅನುದಾನ, ಬಾಂಡ್, ವಿಮೆ ಎಂದು ಚರ್ಚೆ ಕವಲೊಡೆದು ದಿಕ್ಕು ತಪ್ಪುತ್ತದೆ. ಈ ಗೋಜಲು ಹೇಗೆ ಹುಟ್ಟಿತೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸಿಯಾಟಲ್ ನಗರದ ಲೇಕ್ ಯೂನಿಯನ್ ಸರೋವರದ ದಂಡೆಯಲ್ಲಿ ಮೊದಲು ಕಲ್ಲಿದ್ದಲಿನಿಂದ, ಆಮೇಲೆ ಎಣ್ಣೆಯಿಂದ ಅನಿಲ ತಯಾರಿಸುವ ಸ್ಥಾವರವಿತ್ತು. 1956ರಲ್ಲಿ ಅದು ನಿಂತಿತು. 1962ರಲ್ಲಿ ನಗರಾಡಳಿತ ಆ ಜಾಗವನ್ನು ಉದ್ಯಾನಕ್ಕೆಂದು ಖರೀದಿಸಿತು. ಉದ್ಯಾನದ ವಿನ್ಯಾಸಕಾರ ರಿಚರ್ಡ್ ಹಾಗ್ ಕೆಟ್ಟ ಮಣ್ಣನ್ನೆಲ್ಲ ಅಗೆದು ಬೇರೆಡೆಗೆ ಸಾಗಿಸಲು ಹೋಗಲಿಲ್ಲ. ಅದಕ್ಕೆ ಒಳಚರಂಡಿಯ ಕೆಸರು ಮತ್ತು ಮರದ ಹೊಟ್ಟು ಬೆರೆಸಿದರು, ಎಣ್ಣೆಯನ್ನು ಸೂಕ್ಷ್ಮಜೀವಿಗಳೇ ತಿಂದು ಮುಗಿಸಲಿ ಎಂದು. ಆ ಕಾಲಕ್ಕೆ ಅದು ದಿಟ್ಟ ಪ್ರಯೋಗ, ಅಗ್ಗದ್ದೂ ಹೌದು. 1975ರಲ್ಲಿ ಉದ್ಯಾನ ಜನರಿಗೆ ತೆರೆಯಿತು. ಆಳದಲ್ಲಿದ್ದ ಟಾರು ಮಾತ್ರ ಅಲ್ಲೇ ಉಳಿಯಿತು. 1984ರಲ್ಲಿ ಮಣ್ಣಿನ ಮಾಲಿನ್ಯದ ಭಯದಿಂದ ಉದ್ಯಾನವನ್ನು ಕೆಲಕಾಲ ಮುಚ್ಚಬೇಕಾಯಿತು. ಅಂತರ್ಜಲದಲ್ಲಿ ಬೆರೆತ ಬೆಂಜೀನ್, ಸರೋವರದ ತಳದ ಹೂಳು ಎಂದು ಕೆಲಸ ದಶಕಗಳವರೆಗೆ ಬೆಳೆಯಿತು. ಹಳೆಯ ಅನಿಲ ಕಂಪನಿಯ ವಾರಸುದಾರ ಸಂಸ್ಥೆ ಬದುಕಿತ್ತಾದ್ದರಿಂದ ನಗರಕ್ಕೆ ಖರ್ಚಿನಲ್ಲಿ ಪಾಲುದಾರರು ಸಿಕ್ಕರು. ಎಷ್ಟೋ ಊರುಗಳಿಗೆ ಆ ಭಾಗ್ಯವೂ ಇಲ್ಲ.

ರಾಷ್ಟ್ರವ್ಯಾಪಿ ಕಾನೂನು ಬಂದದ್ದು ಲವ್ ಕೆನಾಲ್ ದುರಂತದ ನಂತರ. ನ್ಯೂಯಾರ್ಕ್ ರಾಜ್ಯದ ನಯಾಗರಾ ಫಾಲ್ಸ್ ಊರಿನಲ್ಲಿ ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯ ಹೂತಿದ್ದ ಜಾಗ 1953ರಲ್ಲಿ ಒಂದೇ ಒಂದು ಡಾಲರಿಗೆ ಶಾಲಾ ಮಂಡಳಿಯ ಕೈಗೆ ಬಂದಿತ್ತು. ಅಲ್ಲಿ ಶಾಲೆ ಎದ್ದಿತು, ಸುತ್ತ ಮನೆಗಳೆದ್ದವು. 1978ರಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಗಿ ಕುಟುಂಬಗಳು ಮನೆ ಬಿಟ್ಟವು. 1980ರ ಡಿಸೆಂಬರ್‌ನಲ್ಲಿ ‘ಸೂಪರ್‌ಫಂಡ್’ ಕಾನೂನು ಜಾರಿಗೆ ಬಂತು. ಮಾಲಿನ್ಯ ಮಾಡಿದವರೇ ತೆರಬೇಕು, ಅವರು ಸಿಗದಿದ್ದರೆ ಪೆಟ್ರೋಲಿಯಂ ಮತ್ತು ರಾಸಾಯನಿಕ ಉದ್ಯಮದಿಂದ ತೆರಿಗೆ ಎತ್ತಿದ ನಿಧಿ ತೆರಬೇಕು ಎಂಬುದು ಅದರ ತಿರುಳು.

ನಿಯಮ ನ್ಯಾಯವಾದದ್ದೇ. ಆದರೆ ಅದರ ಬಲೆಯಲ್ಲಿ ಊರುಗಳೂ ಸಿಕ್ಕಿಬಿದ್ದವು. ಕಾನೂನಿನ ಕಣ್ಣಿಗೆ ಜಾಗದ ಇಂದಿನ ಮಾಲೀಕರೂ ಹೊಣೆಗಾರರೇ, ವಿಷ ಸುರಿದದ್ದು ಯಾರ ಕಾಲದಲ್ಲೇ ಆಗಿರಲಿ. ತೆರಿಗೆ ಬಾಕಿ ಅಥವಾ ದಿವಾಳಿಯ ಕಾರಣಕ್ಕೆ ಅನಿವಾರ್ಯವಾಗಿ ಜಮೀನು ಪಡೆದ ಸ್ಥಳೀಯ ಸರ್ಕಾರಗಳಿಗೆ 1986ರ ತಿದ್ದುಪಡಿ ವಿನಾಯಿತಿ ಕೊಟ್ಟಿತು. ಹೊಣೆ ಇಲ್ಲವೆಂದ ಮಾತ್ರಕ್ಕೆ ಹಣ ಬಂದಂತಾಗಲಿಲ್ಲ. ಜಮೀನಿಗೆ ಬೇಲಿ ಹಾಕಿ ಕೈಕಟ್ಟಿ ಕೂರಲು ಅನುಮತಿ ಸಿಕ್ಕಿತು, ಅಷ್ಟೇ. ನಿಧಿಯ ಹಣದಿಂದ ಪೂರ್ಣ ಶುದ್ಧೀಕರಣ ನಡೆಯುವುದು ರಾಷ್ಟ್ರೀಯ ಆದ್ಯತಾ ಪಟ್ಟಿಗೆ ಸೇರಿದ ಅತ್ಯಂತ ಅಪಾಯಕಾರಿ ಜಾಗಗಳಲ್ಲಿ ಮಾತ್ರ. ಎರಡು ಎಕರೆಯ ಹಳೆಯ ಲೋಹ ಲೇಪನ ಕಾರ್ಖಾನೆ ಆ ಪಟ್ಟಿಯ ಹತ್ತಿರವೂ ಸುಳಿಯುವುದಿಲ್ಲ. ಸಾಲದ್ದಕ್ಕೆ, ನಿಧಿಯನ್ನು ತುಂಬುತ್ತಿದ್ದ ತೆರಿಗೆಯ ಅವಧಿ 1995ರ ಕೊನೆಗೆ ಮುಗಿಯಿತು, ಅದನ್ನು ಯಾರೂ ನವೀಕರಿಸಲಿಲ್ಲ. ಮುಂದಿನ ಕಾಲು ಶತಮಾನ ಹೊರೆ ಹೆಚ್ಚುಹೆಚ್ಚಾಗಿ ಸಾಮಾನ್ಯ ತೆರಿಗೆದಾರರ ಮೇಲೆ ಬಿತ್ತು.

ಚಿಕ್ಕ ಜಾಗಗಳ ಕಡೆಗೆ ಸರ್ಕಾರ ತಿರುಗಿ ನೋಡಿದ್ದು 1993ರಲ್ಲಿ. ಒಹಾಯೊದ ಕಯಾಹೋಗಾ ಕೌಂಟಿಗೆ ಮೊದಲ ಪ್ರಾಯೋಗಿಕ ಅನುದಾನ ಸಿಕ್ಕಿತು. 2002ರ ಜನವರಿ 11ರಂದು ಬ್ರೌನ್‌ಫೀಲ್ಡ್ ಕಾನೂನಿಗೆ ಸಹಿ ಬಿತ್ತು. ಅದರಡಿ ಆಗ ಶುದ್ಧೀಕರಣಕ್ಕೆ ಜಾಗವೊಂದಕ್ಕೆ ಸಾಮಾನ್ಯವಾಗಿ ಗರಿಷ್ಠ 2 ಲಕ್ಷ ಡಾಲರ್ ಅನುದಾನ, ಅದರ ಮೇಲೆ ಶೇಕಡ 20ರಷ್ಟು ಊರಿನ ಪಾಲು. ಅರ್ಜಿ ಹಾಕುವವರು ಜಾಗದ ಮಾಲೀಕರೇ ಆಗಿರಬೇಕು, ಮಾಲಿನ್ಯಕ್ಕೆ ಹೊಣೆಗಾರರಾಗಿರಬಾರದು.

ಈ ಎರಡು ಷರತ್ತುಗಳ ನಡುವೆಯೇ ಊರುಗಳು ಸಿಲುಕಿದವು. ಕೊಳ್ಳುವ ಮುನ್ನ ಜಾಗದ ಪೂರ್ವಾಪರ ವಿಚಾರಿಸಿದ್ದೆವು ಎಂದು ತೋರಿಸಿದರೆ ಹೊಸ ಕಾನೂನಿನಡಿ ರಕ್ಷಣೆ ಸಿಗುತ್ತಿತ್ತು. ಆದರೆ ಆ ರಕ್ಷಣೆ 2002ರ ಜನವರಿ 11ರ ನಂತರ ಕೊಂಡವರಿಗೆ. ಅದಕ್ಕೂ ಮೊದಲೇ ತಾವಾಗಿ ಖರೀದಿಸಿದ ಊರು ಒಂದು ತೊಟ್ಟು ವಿಷ ಸುರಿಯದಿದ್ದರೂ ಅನುದಾನಕ್ಕೆ ಅನರ್ಹವಾಗಬಹುದಿತ್ತು. ಅಂದರೆ ಎಲ್ಲರಿಗಿಂತ ಮೊದಲು ಮುಂದೆ ಬಂದವರೇ ಹೊರಗುಳಿದರು. ಇದನ್ನು ಸರಿಪಡಿಸಲು 2018ರ ಮಾರ್ಚ್‌ವರೆಗೆ ಕಾಯಬೇಕಾಯಿತು. ಆಗ ಅನುದಾನದ ಮಿತಿಯೂ 5 ಲಕ್ಷ ಡಾಲರಿಗೆ ಏರಿತು. ಹದಿನಾರು ವರ್ಷ ಬಹಳ ದೀರ್ಘ ಕಾಲ. ಬೇಲಿಯಾಚೆ ಮನೆ ಇರುವವರಿಗೆ ಇನ್ನೂ ದೀರ್ಘ.

2 ಲಕ್ಷ ಡಾಲರ್ ಏಕೆ ಸಾಲದು ಎಂಬುದನ್ನು ಅರಿಯಲು ಒಂದೇ ರಾಸಾಯನಿಕವನ್ನು ಹಿಂಬಾಲಿಸಿದರೆ ಸಾಕು. ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯಲು ಕಾರ್ಖಾನೆಗಳು ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕವನ್ನು ಧಾರಾಳವಾಗಿ ಬಳಸುತ್ತಿದ್ದವು. ಅದು ನೀರಿಗಿಂತ ಭಾರ. ಚೆಲ್ಲಿದ್ದು ಮಣ್ಣನ್ನು ದಾಟಿ ಅಂತರ್ಜಲದಲ್ಲೂ ಮುಳುಗಿ ಕೆಳಗಿನ ಬಂಡೆಯ ಬಿರುಕುಗಳಿಗೆ ಇಳಿಯುತ್ತದೆ. ಅದರ ಆವಿ ಮೇಲೇರಿ ಪಕ್ಕದ ಮನೆಗಳ ನೆಲಮಾಳಿಗೆಗೆ ನುಗ್ಗುತ್ತದೆ. ತನಿಖೆ ಮಾಡುವವರು ಹಳೆಯ ಅಗ್ನಿ ವಿಮೆ ನಕ್ಷೆಗಳನ್ನು ಹರಡಿಕೊಂಡು ಟ್ಯಾಂಕ್ ಎಲ್ಲಿತ್ತು, ಬಾಯ್ಲರ್ ಕೋಣೆ ಎಲ್ಲಿತ್ತು ಎಂದು ಗುರುತಿಸಿ ರಂಧ್ರ ಕೊರೆಯುತ್ತಾರೆ. ಒಂದರಲ್ಲಿ ವಿಷ ಸಿಕ್ಕಿದರೆ ಅದರ ಅಂಚು ಹುಡುಕಲು ಇನ್ನಷ್ಟು ಕೊರೆಯಬೇಕು. ತನಿಖೆಯ ಅನುದಾನ ಖರ್ಚಾಗಿ, ದಪ್ಪನೆಯ ವರದಿ ಕೈಗೆ ಬಂದು, ಜಮೀನು ಮಾತ್ರ ಇದ್ದಂತೆಯೇ ಉಳಿಯುವುದು ಹೀಗೆ.

ಊರುಗಳು ತಮ್ಮ ದಾರಿಗಳನ್ನೂ ಹುಡುಕಿಕೊಂಡಿವೆ. ಜಾಗ ಶುದ್ಧವಾದ ಮೇಲೆ ಹೆಚ್ಚಾಗಲಿರುವ ಆಸ್ತಿ ತೆರಿಗೆಯನ್ನು ಆಧಾರವಾಗಿಟ್ಟು ಇಂದೇ ಸಾಲ ಎತ್ತುವುದು ಒಂದು. ನದಿಯಂಚಿನ, ಪೇಟೆಯ ನಡುವಿನ ಜಾಗಕ್ಕೆ ಇದು ಒದಗಿಬರುತ್ತದೆ. ಜಮೀನಿನ ಬೆಲೆ ಏರುವ ಲಕ್ಷಣವೇ ಇಲ್ಲದ ಬಡ ಬಡಾವಣೆಯಲ್ಲಿ ಸಾಲ ಕೊಡಲು ಯಾರೂ ಮುಂದೆ ಬರುವುದಿಲ್ಲ. ಅಲ್ಲಿನ ಮಕ್ಕಳ ಶ್ವಾಸಕೋಶಕ್ಕೆ ಮಾರುಕಟ್ಟೆ ದರವಿಲ್ಲ ಎಂಬ ಕಾರಣಕ್ಕೆ ಆ ಜಾಗ ಸರದಿಯ ಕೊನೆಗೆ ಸರಿಯುವುದನ್ನು ಸಹಜವೆಂದು ಒಪ್ಪುವುದು ಕಷ್ಟ. ಇನ್ನೊಂದು ದಾರಿ ಹಳೆಯ ವಿಮಾ ಪಾಲಿಸಿಗಳದ್ದು. 1980ರ ದಶಕದ ಮಧ್ಯದಲ್ಲಿ ವಿಮಾ ಕಂಪನಿಗಳು ಮಾಲಿನ್ಯವನ್ನು ಸಾಮಾನ್ಯ ಹೊಣೆಗಾರಿಕೆ ಪಾಲಿಸಿಗಳಿಂದ ಪೂರ್ತಿಯಾಗಿ ಹೊರಗಿಟ್ಟವು. ಅದಕ್ಕೂ ಹಿಂದಿನ ಪಾಲಿಸಿ ಸಿಕ್ಕಿದರೆ, ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾದ ಮೇಲೂ ಕೆಲವೊಮ್ಮೆ ಪರಿಹಾರ ಕೇಳಬಹುದು. ಹಾಗಾಗಿ ಕಚೇರಿಯ ಉಗ್ರಾಣದಲ್ಲಿ ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ತಡಕುವುದೂ ಶುದ್ಧೀಕರಣದ ಕೆಲಸವೇ ಆಗಿದೆ.

2021ರ ಮೂಲಸೌಕರ್ಯ ಕಾನೂನು ಬ್ರೌನ್‌ಫೀಲ್ಡ್‌ಗಳಿಗೆ ಐದು ವರ್ಷಗಳಿಗೆ 150 ಕೋಟಿ ಡಾಲರ್ ಕೊಟ್ಟಿತು, ಆ ಹಣಕ್ಕೆ ಊರಿನ ಪಾಲಿನ ಷರತ್ತನ್ನೂ ತೆಗೆಯಿತು. ರಾಸಾಯನಿಕ ಉದ್ಯಮದ ಮೇಲಿನ ತೆರಿಗೆ 2022ರ ಜುಲೈನಲ್ಲಿ, ಪೆಟ್ರೋಲಿಯಂ ಮೇಲಿನದು 2023ರ ಜನವರಿಯಲ್ಲಿ ಮರಳಿ ಬಂದವು. ಎರಡೂ ಒಳ್ಳೆಯ ಸುದ್ದಿಯೇ. ಆದರೆ ಮರಳಿ ಬಂದ ತೆರಿಗೆ ಸೇರುವುದು ಸೂಪರ್‌ಫಂಡ್ ನಿಧಿಗೆ. ಊರುಗಳ ಹೆಸರಿನಲ್ಲಿರುವ ಸಣ್ಣ ಜಾಗಗಳು ಅವಲಂಬಿಸಿರುವ ಬ್ರೌನ್‌ಫೀಲ್ಡ್ ಅನುದಾನಕ್ಕೆ ಅಂಥ ಮೀಸಲು ತೆರಿಗೆ ಯಾವುದೂ ಇಲ್ಲ. ಐದು ವರ್ಷಗಳ ಆ ವಿಶೇಷ ಹಣ ತೀರಿದ ಮೇಲೆ ಅದು ಮತ್ತೆ ವರ್ಷವರ್ಷದ ಬಜೆಟ್ ಹಂಚಿಕೆಯನ್ನೇ ನೆಚ್ಚಬೇಕು.