ಎರಡನೇ ತಂಡದಲ್ಲಿ ಪೂರ್ತಿ 60 ನಿಮಿಷ

ಬೇಸಿಗೆ ರಜೆಗೆ ಮೊದಲು ಇಲ್ಲಿ ನೆದರ್ಲೆಂಡ್ಸ್‌ನ ಆಮ್‌ಸ್ಟೆಲ್‌ವೇನ್‌ನ ಫುಟ್‌ಬಾಲ್ ಕ್ಲಬ್‌ಗಳಲ್ಲಿ ಮುಂದಿನ ಸೀಸನ್ನಿನ ತಂಡಗಳ ಪಟ್ಟಿ ಹೊರಬೀಳುತ್ತದೆ. ಆ ರಾತ್ರಿಯೇ ನಮ್ಮ ಕನ್ನಡದ ಮನೆಗಳಿಂದ ಫೋನು ಶುರು. "ಸರ್, ಹದಿಮೂರು-ಒಂದರಲ್ಲಿ ಇವನ ಹೆಸರೇ ಇಲ್ವಲ್ಲ. ಹದಿಮೂರು-ಎರಡಕ್ಕೆ ಯಾಕೆ ಹಾಕಿದ್ರಿ? ಬೇರೆ ಕ್ಲಬ್ ನೋಡ್ಲಾ?" ಹದಿಮೂರು-ಒಂದು ಅಂದರೆ ಹದಿಮೂರರೊಳಗಿನವರ ಮೊದಲ ತಂಡ, ಹದಿಮೂರು-ಎರಡು ಅಂದರೆ ಎರಡನೆಯದು. ಕೇಳುವವರು ಒಳ್ಳೆಯ ಜನ. ಶನಿವಾರ ಬೆಳಿಗ್ಗೆ ಮಳೆಯಲ್ಲಿ ನೆನೆದುಕೊಂಡೇ ಮಗನ ಜೊತೆ ಸೈಕಲ್ ತುಳಿದು ಮೈದಾನಕ್ಕೆ ಬರುವವರು. ಆದರೆ ತರಬೇತುದಾರನಾಗಿ ಈ ಒಂದು ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ.

ಈ ಹುಡುಗರಲ್ಲಿ ಅನೇಕರಿಗೆ ಡಚ್ ಆಟಗಾರ ಫ್ರೆಂಕಿ ಡಿ ಯೊಂಗ್ ಅಂದರೆ ಪ್ರಾಣ. ಅವನು ಬಾರ್ಸಿಲೋನಾಕ್ಕೆ ಹೋದದ್ದು ಅಪ್ಪಂದಿರಿಗೂ ಗೊತ್ತು. ಅದಕ್ಕೆ ಮೊದಲಿನ ನಾಲ್ಕು ವರ್ಷ ಯಾರಿಗೂ ಬೇಡ. 1997ರಲ್ಲಿ ಹುಟ್ಟಿ ಆರ್ಕೆಲ್ ಎಂಬ ಚಿಕ್ಕ ಊರಲ್ಲಿ ಬೆಳೆದ ಹುಡುಗ. ಟಿಲ್ಬರ್ಗ್‌ನ ವಿಲ್ಲೆಮ್ ಟ್ವೇ ಕ್ಲಬ್‌ನಲ್ಲಿ ಪಳಗಿದ. 2015ರ ಮೇ ತಿಂಗಳಲ್ಲಿ, ಹದಿನೆಂಟು ತುಂಬಲು ಎರಡೇ ದಿನ ಇದ್ದಾಗ, ಮೊದಲ ಲೀಗ್ ಪಂದ್ಯ ಆಡಿದ. ಅದೇ ವರ್ಷ ಆಮ್‌ಸ್ಟರ್‌ಡ್ಯಾಮಿನ ದೊಡ್ಡ ಕ್ಲಬ್ ಅಯಾಕ್ಸ್ ಅವನನ್ನು ತೆಗೆದುಕೊಂಡಿತು. ತೆಗೆದುಕೊಂಡು ಆಡಿಸಿದ್ದೆಲ್ಲಿ? ಬಹುಪಾಲು ಯೊಂಗ್ ಅಯಾಕ್ಸ್‌ನಲ್ಲಿ, ಅಂದರೆ ಎರಡನೇ ತಂಡದಲ್ಲಿ. 2016-17ರಲ್ಲೂ ಹಾಗೆಯೇ: ಮೊದಲ ತಂಡದ ಬಾಗಿಲು ಆಗಾಗ ತೆರೆಯಿತು, ವಾರವಾರದ ಆಟ ಮಾತ್ರ ಎರಡನೆಯದರಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಎಡವುವುದು ಇಲ್ಲೇ. 2013ರಿಂದ ಯೊಂಗ್ ಅಯಾಕ್ಸ್ ದೇಶದ ಎರಡನೇ ದರ್ಜೆಯ ಲೀಗ್‌ನಲ್ಲಿ ಆಡುತ್ತಿದೆ. ಎದುರಿಗಿರುವವರಲ್ಲಿ ಅನೇಕರು ಹೆಂಡತಿ ಮಕ್ಕಳಿರುವ, ಆಟದಿಂದಲೇ ಅನ್ನ ತಿನ್ನುವ ಗಟ್ಟಿ ಆಳುಗಳು. 2017-18ರಲ್ಲಿ ಯೊಂಗ್ ಅಯಾಕ್ಸ್ ಆ ಲೀಗನ್ನೇ ಗೆದ್ದಿತು. ಆದರೂ ಮೇಲಿನ ದರ್ಜೆಗೆ ಬಡ್ತಿ ಇಲ್ಲ, ನಿಯಮ ಬಿಡುವುದಿಲ್ಲ. ಏರಿದ್ದು ಫೊರ್ಟುನಾ ಸಿಟ್ಟಾರ್ಡ್ ಎಂಬ ಬೇರೆ ಕ್ಲಬ್. ಗೆದ್ದರೂ ಏರಲಾಗದ ತಂಡಕ್ಕೆ ಕ್ಲಬ್ ಹಣ ಸುರಿಯುವುದು ಯಾಕೆ? ಹುಡುಗರಿಗೆ ಪೂರ್ತಿ ಪಂದ್ಯ ಸಿಗಲಿ ಎಂದು. ಚೆಂಡು ಕಾಲಿಗೆ ಬಂದಾಗ ಬೆನ್ನ ಹಿಂದೆ ಯಾರಿದ್ದಾರೆ ಎಂದು ನೋಡುವ ಅಭ್ಯಾಸ ಬೆಂಚಿನ ಮೇಲೆ ಕೂತು ಬರುವುದಿಲ್ಲ.

2017ರ ಮೇ 24, ಸ್ಟಾಕ್‌ಹೋಮ್‌ನಲ್ಲಿ ಯೂರೋಪಿನ ಕ್ಲಬ್‌ಗಳ ಪಂದ್ಯಾವಳಿ ಯೂರೋಪಾ ಲೀಗ್‌ನ ಫೈನಲ್. ಮ್ಯಾಂಚೆಸ್ಟರ್ ಯುನೈಟೆಡ್ ಎದುರು ಅಯಾಕ್ಸ್ 2-0ಯಿಂದ ಸೋತಿತು. ಅಯಾಕ್ಸ್‌ನ ಹದಿನೇಳು ವರ್ಷದ ಮಟೈಸ್ ಡಿ ಲಿಖ್ಟ್ ಆವತ್ತು ಮೊದಲ ಹನ್ನೊಂದರಲ್ಲಿದ್ದ. ಅವನಿಗಿಂತ ಎರಡು ವರ್ಷ ದೊಡ್ಡವನಾದ ಫ್ರೆಂಕಿ ಮೈದಾನಕ್ಕಿಳಿದದ್ದು ಕೊನೆಯ ಕೆಲವು ನಿಮಿಷಕ್ಕೆ. ನನಗೆ ಫೋನು ಮಾಡುವ ಅಪ್ಪನ ಲೆಕ್ಕದಲ್ಲಿ ಫ್ರೆಂಕಿ ಹಿಂದೆ ಬಿದ್ದ. 2019ರಲ್ಲಿ ಇಬ್ಬರೂ ಅಯಾಕ್ಸ್ ಬಿಟ್ಟರು, ಒಬ್ಬ ಬಾರ್ಸಿಲೋನಾಕ್ಕೆ, ಒಬ್ಬ ಯುವೆಂಟಸ್‌ಗೆ. ಇಬ್ಬರಿಗೂ ಆ ಕ್ಲಬ್‌ಗಳು ಅಯಾಕ್ಸ್‌ಗೆ ಕೊಟ್ಟದ್ದು ತಲಾ ಸುಮಾರು 7.5 ಕೋಟಿ ಯೂರೊ.

ಬೇಗ ಮೇಲೆ ಹೋದವನ ದಾರಿ ಸಲೀಸಾಗಿತ್ತು ಅಂದುಕೊಳ್ಳಬೇಡಿ. ಆ ಫೈನಲ್‌ಗೆ ಎರಡು ತಿಂಗಳು ಮೊದಲು ಡಿ ಲಿಖ್ಟ್‌ನನ್ನು ಸೋಫಿಯಾದಲ್ಲಿ ಬಲ್ಗೇರಿಯಾ ಎದುರು ರಾಷ್ಟ್ರೀಯ ತಂಡದಲ್ಲಿ ಆಡಿಸಿದ್ದರು. ಅವನ ತಪ್ಪುಗಳಿಂದ ಗೋಲುಗಳಾದವು, ಅರ್ಧ ವೇಳೆಗೆ ಹೊರಗೆ ಕರೆದರು, ಮರುದಿನ ಕೋಚ್ ಡ್ಯಾನಿ ಬ್ಲಿಂಡ್ ಕೆಲಸ ಹೋಯಿತು. ಆ ಹುಡುಗನ ಮನಸ್ಸು ಗಟ್ಟಿ, ಎದ್ದು ನಿಂತ. ಎಲ್ಲ ಮಕ್ಕಳೂ ಏಳುತ್ತಾರೆ ಎಂದು ನಾನು ಹೇಳಲಾರೆ.

ಈಗ ನಮ್ಮ ಹದಿಮೂರರ ಹುಡುಗರಿಗೆ ಬರೋಣ. ಪಂದ್ಯ ಅರ್ಧ ಗಂಟೆಯ ಎರಡು ಭಾಗ, ಒಟ್ಟು 60 ನಿಮಿಷ. ಮೊದಲ ತಂಡದಲ್ಲಿ ಹದಿನೈದನೆಯವನಾಗಿ ಸೇರಿದ ಹುಡುಗನಿಗೆ ಕಾಲು ಗಂಟೆ ಸಿಕ್ಕಿದರೆ ಹೆಚ್ಚು. ಅದೂ ಹೆದರಿಕೊಂಡು, ಅಂಚಿನಲ್ಲಿ. ಎರಡನೇ ತಂಡದಲ್ಲಿ ಅದೇ ಹುಡುಗ ನಡುವೆ ನಿಂತು ಇಡೀ ಪಂದ್ಯ ಆಡುತ್ತಾನೆ, ಚೆಂಡು ಕೇಳುತ್ತಾನೆ, ಕೂಗುತ್ತಾನೆ. ಇನ್ನೊಂದು ವಿಷಯ: ಇಲ್ಲಿ ವಯಸ್ಸಿನ ಗಡಿ ಜನವರಿ 1. ಡಿಸೆಂಬರಿನ ಮಗು ಜನವರಿಯ ಮಗುವಿನ ಜೊತೆ ಒಂದೇ ಗುಂಪಿನಲ್ಲಿ ಓಡುತ್ತದೆ. ಆ ವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ಒಂದು ಗೇಣು ಎತ್ತರ ಆಗಿಬಿಡಬಹುದು. ಎತ್ತರ ಬರುವವರೆಗೆ ಕಾಯುವ ತಾಳ್ಮೆ ಬೇಕು. ವರ್ಷಕ್ಕೊಂದು ಕ್ಲಬ್ ಬದಲಿಸುವುದು, ಹಾಲಿಗೆ ಹೆಪ್ಪು ಹಾಕಿ ಗಳಿಗೆಗೊಮ್ಮೆ ಪಾತ್ರೆ ಅಲ್ಲಾಡಿಸಿದ ಹಾಗೆ.

ಎರಡನೇ ತಂಡಕ್ಕೆ ಹೋದವರೆಲ್ಲ ಫ್ರೆಂಕಿ ಆಗುತ್ತಾರೆ ಎಂದು ದಯವಿಟ್ಟು ಓದಿಕೊಳ್ಳಬೇಡಿ. ಬಹುತೇಕ ಮಕ್ಕಳು ಯಾವ ತಂಡದಲ್ಲಿದ್ದರೂ ವೃತ್ತಿಪರರಾಗುವುದಿಲ್ಲ. ಕೆಲವೊಮ್ಮೆ ಕ್ಲಬ್ ಬದಲಿಸುವುದೇ ಸರಿಯಾದ ತೀರ್ಮಾನ ಕೂಡ. ಮಗುವನ್ನು ನೋಡದೆ ಫೋನಿನಲ್ಲಿ ಅದನ್ನು ಹೇಳಲು ನನ್ನಿಂದಾಗದು.

ಫೋನು ಮಾಡಬೇಡಿ ಅನ್ನುತ್ತಿಲ್ಲ. ಮಾಡಿ, ಆದರೆ ಇದನ್ನು ಕೇಳಿ: ಎಷ್ಟು ಹೊತ್ತು ಆಡಿಸುತ್ತೀರಿ, ಯಾವ ಜಾಗದಲ್ಲಿ, ವಾರಕ್ಕೆ ಎಷ್ಟು ಸಲ ಅಭ್ಯಾಸ, ಚಳಿಗಾಲದ ಬಿಡುವಿನಲ್ಲಿ ಮತ್ತೊಮ್ಮೆ ನೋಡುತ್ತೀರಾ. ಎರಡನೇ ತಂಡಕ್ಕೆ ಹಾಕಿ ಅಲ್ಲೂ ನಿಮ್ಮ ಮಗನನ್ನು ಬೆಂಚಿನ ಮೇಲೆ ಕೂರಿಸಿದರೆ ನನ್ನ ಮೇಲೆ ಕೋಪ ಮಾಡಿಕೊಳ್ಳಿ. ಆ ಕೋಪಕ್ಕೆ ನ್ಯಾಯವಿದೆ.